ಮುಚ್ಚಳದ ಕೆಳಗಿನ ಇತಿಹಾಸ

ಮನೆ ಕಟ್ಟುವಾಗ ದೇವರ ಕೋಣೆ ಯಾವ ಮೂಲೆಗೆ ಬರಬೇಕು, ಒಲೆ ಯಾವ ದಿಕ್ಕಿಗಿರಬೇಕು ಎಂದು ವಾರಗಟ್ಟಲೆ ಚರ್ಚಿಸುವ ನಾವು, ಸೆಪ್ಟಿಕ್ ಟ್ಯಾಂಕಿನ ವಿಷಯವನ್ನು ಮೇಸ್ತ್ರಿಗೆ ಬಿಟ್ಟುಬಿಡುತ್ತೇವೆ. ಮುಚ್ಚಳ ಹಾಕಿ ಸಿಮೆಂಟು ಬಳಿದ ಮೇಲೆ ಅದರ ನೆನಪೂ ಇರುವುದಿಲ್ಲ. ಆ ಗುಂಡಿ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ ಎಂಬ ನಂಬಿಕೆ ಅದು ಹುಟ್ಟಿದಂದಿನಿಂದಲೂ ಇದೆ.

ಫ್ರಾನ್ಸಿನ ವೆಸೂಲ್ ಎಂಬ ಊರಿನಲ್ಲಿ 1860ರ ಸುಮಾರಿಗೆ ಮೂರಾಸ್ ಎಂಬಾತ ಮನೆಯ ಹೊಲಸು ನೀರು ಸೇರಲೆಂದು ತೊಟ್ಟಿಯೊಂದನ್ನು ಕಟ್ಟಿದ. ಹತ್ತಾರು ವರ್ಷ ಕಳೆದು ತೆರೆದು ನೋಡಿದರೆ, ತುಂಬಿರಬೇಕಿದ್ದ ತೊಟ್ಟಿಯಲ್ಲಿ ಗಟ್ಟಿ ಪದಾರ್ಥ ತೀರಾ ಕಡಿಮೆಯಿತ್ತು. 1881ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಅದನ್ನು ಆಗ ಕರೆದದ್ದು 'ಸ್ವಯಂಚಾಲಿತ ಜಾಡಮಾಲಿ' ಎಂದು. ಮುಂದೆ 1895ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ನಗರದ ಡೊನಾಲ್ಡ್ ಕ್ಯಾಮೆರಾನ್ ಇಂಥದೇ ತೊಟ್ಟಿಗೆ 'ಸೆಪ್ಟಿಕ್ ಟ್ಯಾಂಕ್' ಎಂದು ಹೆಸರಿಟ್ಟ. ಸೆಪ್ಟಿಕ್ ಎಂದರೆ ಕೊಳೆಯಿಸುವಂಥದು.

ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳೇ ಇಲ್ಲಿನ ಕೆಲಸಗಾರರು. ಭಾರವಾದದ್ದು ತಳಕ್ಕಿಳಿದು ಹೂಳಾಗುತ್ತದೆ. ಜಿಡ್ಡು ಕೆನೆಯಂತೆ ಮೇಲೆ ತೇಲುತ್ತದೆ. ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತದೆ. ಆದರೆ ಹೂಳು ಕರಗಿದರೂ ಪೂರ್ತಿ ಕರಗುವುದಿಲ್ಲ. ಉಳಿದದ್ದನ್ನು ಯಾರಾದರೂ ತೆಗೆಯಲೇಬೇಕು. ಯಾರು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಜಾತಿಯ ಪ್ರಶ್ನೆಯೂ ಆಗಿತ್ತು.

ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಅನಿಷ್ಟ ಪದ್ಧತಿಯನ್ನು 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಮಲದ ಬುಟ್ಟಿ ತಲೆಯಿಂದ ಇಳಿದದ್ದು ಸಣ್ಣ ಸಾಧನೆಯಲ್ಲ. ಆದರೆ ಮನೆಯ ಹಿಂದಿನ ಕಕ್ಕಸಿಗೆ ಬರುತ್ತಿದ್ದವರ ಮಕ್ಕಳೇ ಎಷ್ಟೋ ಕಡೆ ಟ್ಯಾಂಕಿನೊಳಗೆ ಇಳಿಯುವವರಾದರು. ಅಲ್ಲಿ ಕಾದಿರುವುದು ಹೈಡ್ರೋಜನ್ ಸಲ್ಫೈಡ್. ಅದರ ಪ್ರಮಾಣ ಹೆಚ್ಚಿದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಕುಸಿಯುತ್ತಾನೆ.

ರಕ್ಷಣಾ ಸಾಧನಗಳಿಲ್ಲದೆ ಜನರನ್ನು ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಳಿಸಿದವರು ಮನೆಯ ಯಜಮಾನರಾದರೂ ಇದು ತಪ್ಪದು. ಒಳಗೆ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಆದೇಶಿಸಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು.

ಈ ಸಾವುಗಳನ್ನು ತಡೆಯುವ ಕೆಲಸ ಮನೆ ಕಟ್ಟುವಾಗಲೇ ಆರಂಭವಾಗುತ್ತದೆ. ಟ್ಯಾಂಕಿನ ಉದ್ದ ಅಗಲದ ಎರಡರಿಂದ ನಾಲ್ಕು ಪಟ್ಟು ಇರಲಿ. ಇಂಗುಗುಂಡಿ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಲಿ. ಹೀರುವ ಯಂತ್ರದ ಲಾರಿಯ ಪೈಪು ತಲುಪುವ ಜಾಗದಲ್ಲಿ, ತೆಗೆಯಲು ಬರುವಂಥ ಮುಚ್ಚಳವಿರಲಿ. ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಿದರೆ ಯಂತ್ರವೇ ಸಾಕು. ಹದಿನೈದು ವರ್ಷ ಮರೆತರೆ ಹೂಳು ಕಲ್ಲಿನಂತೆ ಗಟ್ಟಿಯಾಗುತ್ತದೆ. 'ಯಾರಾದರೂ ಇಳಿಯಬೇಕು ಸಾರ್' ಎಂಬ ಮಾತು ಬರುವುದು ಆಗಲೇ. ತೆಗೆದ ಹೂಳನ್ನು ರಾಜಕಾಲುವೆಗೆ ಸುರಿಯದೆ ಸಂಸ್ಕರಿಸುವ ದಾರಿಯೂ ಇದೆ. ದೇವನಹಳ್ಳಿಯಲ್ಲಿ 2015ರಲ್ಲೇ ಅಂಥ ಘಟಕ ಆರಂಭವಾಯಿತು.

ಮೂರಾಸನ ತೊಟ್ಟಿ ಪೂರ್ತಿ ಸ್ವಯಂಚಾಲಿತವಾಗಿರಲಿಲ್ಲ. ಅದು ಮಾಡಿ ಮುಗಿಸದ ಕೆಲಸ ಯಂತ್ರಕ್ಕೆ ಹೋಗಬೇಕೋ ಮನುಷ್ಯನಿಗೋ ಎಂಬುದು, ಕಡೆಯ ಸಲ ಮುಚ್ಚಳ ತೆಗೆಸಿದ್ದು ಯಾವಾಗ ಎಂಬುದು ಮನೆಯವರಿಗೆ ನೆನಪಿದೆಯೇ ಎಂಬುದರ ಮೇಲೆ ನಿಂತಿದೆ.