ಕಾಳ್ಯಾನ ತಾಟು

ನನ್ನ ತವರು ರೋಣ, ಕೊಟ್ಟದ್ದು ಗಜೇಂದ್ರಗಡಕ್ಕೆ. ಅತ್ತೆಯವರು ನರಗುಂದದ ಗುಡ್ಡದ ಬುಡದಲ್ಲಿ ಹುಟ್ಟಿ ಬೆಳೆದವರು. ಮೂರೂ ಊರಲ್ಲಿ ಜೋಳದ ರೊಟ್ಟಿ ಒಂದೇ, ಪುಂಡಿಪಲ್ಯ ಒಂದೇ. ನಾಯಿಗೆ ಊಟ ಹಾಕುವುದರಲ್ಲೂ ಕಲಿಯುವುದಿದೆ ಎಂದು ಮಾತ್ರ ನನಗೆ ತಿಳಿದದ್ದು ಕಾಳ್ಯಾ ಬಂದ ಮೇಲೆ.

ಕಾಳ್ಯಾನನ್ನು ನಮ್ಮ ಮನೆಯವರು ಮುಧೋಳದ ಕಡೆಯ ಹಳ್ಳಿಯಿಂದ ತಂದಿದ್ದರು. ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ, ಚೂಪು ಮೋರೆ. ಓಣಿಯ ಹೆಂಗಸರು ನೋಡಿದವರೇ, “ಇದಕ್ಕ ಊಟಾ ಹಾಕೂದಿಲ್ಲೇನ್ರೀ?” ಎನ್ನುತ್ತಿದ್ದರು. ಅದರ ತಳಿಯೇ ಹಾಗೆ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು.

ಒಂದು ಸಂಜೆ ಅದು ಜರ್ಮನ್ ತಾಟಿನಲ್ಲಿ ನುಚ್ಚು ತಿನ್ನುತ್ತಿದ್ದಾಗ ನನ್ನ ಏಳು ವರ್ಷದ ಮಗ ಆಟಕ್ಕೆಂದು ತಾಟು ಎಳೆದ. ಕಾಳ್ಯಾ ಗುರ್ ಎಂದಿತು. ಮಗ ಕೈ ತೆಗೆಯಲಿಲ್ಲ. ಮರುಕ್ಷಣ ಅವನ ಮಣಿಕಟ್ಟಿನ ಮೇಲೆ ಎರಡು ಹಲ್ಲಿನ ಗುರುತು. ನಳದ ಕೆಳಗೆ ಕೈ ಹಿಡಿದು ಸೋಪು ಹಚ್ಚಿ ಕಾಲು ತಾಸು ತೊಳೆದು, ಆಸ್ಪತ್ರೆಗೆ ಓಡಿ ಇಂಜೆಕ್ಷನ್ ಶುರುಮಾಡಿಸಿದೆವು. ಮನೆಯವರಿಗೆ ಸಿಟ್ಟು ಇಳಿಯಲಿಲ್ಲ. “ಮಾಲಕ ಯಾರಂತ ಗೊತ್ತಾಗ್ಲಿ” ಎಂದು ಮರುದಿನದಿಂದ ಉಣ್ಣುವಾಗಲೇ ತಾಟು ಕಸಿದುಕೊಳ್ಳತೊಡಗಿದರು. ಗುರ್ ಎಂದರೆ ಬಡಿಗೆಯ ಏಟು. ಮೂರು ದಿನ ಆಗುವುದರೊಳಗೆ ಕಾಳ್ಯಾ ತಾಟಿನ ಹತ್ತಿರ ನೆರಳು ಸುಳಿದರೂ ಮೈ ಸೆಟೆಸಿಕೊಂಡು, ಗಬಗಬ ನುಂಗತೊಡಗಿತು. ಬಂದ ದಾರಿಗೇ ಅದನ್ನು ಕಳಿಸಿಬಿಡುವುದೆಂದು ತೀರ್ಮಾನವಾಯಿತು. ತಾಯಿಯಾಗಿ ನಾನೂ ಹೂಂ ಅಂದೆ.

ಆಗ ಅತ್ತೆ ಒಂದೇ ಮಾತು ಕೇಳಿದರು: “ಉಣ್ಣೋ ಹೊತ್ತಿನ್ಯಾಗ ಯಾರರ ಒಬ್ಬರ ತಾಟಿಗೆ ಕೈ ಹಾಕ್ತಾರೇನಯವ್ವಾ?”

ಆ ಮಾತು ನನ್ನನ್ನು ಎಲ್ಲೆಲ್ಲಿಗೋ ಕರೆದೊಯ್ದಿತು. ಕಾಲೇಜಿನಲ್ಲಿ ಇತಿಹಾಸ ಓದಿದವಳು ನಾನು. ನಮ್ಮ ಊರಿನ ಕೋಟೆಯೂ ಘೋರ್ಪಡೆಯವರದು, ಮುಧೋಳ ಆಳಿದವರೂ ಘೋರ್ಪಡೆಯವರೇ. ಮನೆತನದ ಕವಲು ಬೇರೆ. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಬೇಡರ ಬೇಟೆನಾಯಿಗಳನ್ನು ಮೆಚ್ಚಿ, ಆ ತಳಿಯನ್ನು ಆರಿಸಿ ಬೆಳೆಸಿದರು. ಒಂದು ಜೋಡಿಯನ್ನು ದೊರೆ 5ನೇ ಜಾರ್ಜ್‌ಗೆ ಕಾಣಿಕೆಯಾಗಿಯೂ ಕೊಟ್ಟರು. 2005ರಲ್ಲಿ ಈ ನಾಯಿಯ ಚಿತ್ರ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಇದರ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರವನ್ನೂ ಸೇರಿದವು. ಕಣ್ಣಿಗೆ ಬಿದ್ದದ್ದನ್ನು ಅಟ್ಟಿ ಹಿಡಿಯಲೆಂದೇ ತಲೆಮಾರುಗಳಿಂದ ಬೆಳೆಸಿದ ಪ್ರಾಣಿ ಇದು. ಹಿಡಿದದ್ದನ್ನು ಬಿಡು ಎಂದರೆ ಬಿಡುವುದು ಅದಕ್ಕೆ ಹುಟ್ಟಿನಿಂದ ಬಂದ ಬುದ್ಧಿಯಲ್ಲ. ಕಲಿಸಬೇಕು.

ಇದಕ್ಕೂ ಹಿಂದಿನ ಇನ್ನೊಂದು ನಾಯಿ ನೆನಪಾಯಿತು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನಾನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಿದ್ದೇನೆ. ಕಾಲ ಶಕ 872, ಅಂದರೆ ಕ್ರಿ.ಶ. 949-50. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ವೀರ ಮಣಲೆರನ ಪರಾಕ್ರಮಕ್ಕೆ ರಾಷ್ಟ್ರಕೂಟ ದೊರೆ 3ನೇ ಕೃಷ್ಣ ಮೆಚ್ಚಿ, ಬೇಕಾದ್ದು ಕೇಳು ಎಂದ. ಮಣಲೆರ ಕೇಳಿದ್ದು ದೊರೆಯ ನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಅದು ಕಾಡುಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಮಣಲೆರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಶಾಸನದ ಕೊನೆಯ ಕಟ್ಟಳೆ ನನಗೆ ಬಹಳ ಹಿಡಿಸಿತು: ಆ ಸ್ಥಾನ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಬರುತ್ತದಂತೆ. ಸಾವಿರ ವರ್ಷದ ಹಿಂದೆ ಒಬ್ಬ ಮನುಷ್ಯನ ಊಟ ನಾಯಿಗೆ ಸಲ್ಲಿಸಬೇಕಾದ ಗೌರವಕ್ಕಾಗಿ ಕಾಯಬೇಕಿತ್ತು!

ಗೊರವ ಎಂದರೆ ನಮ್ಮ ಸೀಮೆಯಲ್ಲಿ ಮೊದಲು ನೆನಪಾಗುವುದು ಮೈಲಾರಲಿಂಗನ ಗೊರವಯ್ಯ. ಮೈಲಾರದ ಒಕ್ಕಲಿನ ಮನೆಗಳಲ್ಲಿ ದೋಣಿ ತುಂಬಿಸುತ್ತಾರೆ. ದೋಣಿ ಎಂದರೆ ಮರದ ಬೋಗುಣಿ. ಹಾಲು, ತುಪ್ಪ, ಬಾಳೆಹಣ್ಣು ಹಾಕಿದರೆ ಗೊರವರು ದೇವರ ನಾಯಿಗಳಾಗಿ ಬೊಗಳುತ್ತ, ಒಬ್ಬರ ಮೇಲೊಬ್ಬರು ಗುರುಗುಟ್ಟುತ್ತ, ನೆಲಕ್ಕೆ ಬಾಗಿ ಬಾಯಿಯಿಂದಲೇ ತಿನ್ನುತ್ತಾರೆ. ಚಿಕ್ಕಂದಿನಲ್ಲಿ ಅದನ್ನು ನೋಡಿ ನಕ್ಕಿದ್ದೆ. ಈಗ ಅನ್ನಿಸುತ್ತದೆ, ಪಾಲು ಹೋದೀತೆಂಬ ನಾಯಿಯ ಭಯವನ್ನು ಅವರು ಎಷ್ಟು ಚೆನ್ನಾಗಿ ಬಲ್ಲವರು!

ಭಯ ಎಂದೆ. ಬೇಕೆಂದೇ ಆ ಮಾತು ಬಳಸಿದೆ. ರಷ್ಯಾದ ಪಾವ್ಲೋವ್ ಜೀರ್ಣಕ್ರಿಯೆಯ ಅಧ್ಯಯನಕ್ಕೆ 1904ರಲ್ಲಿ ನೊಬೆಲ್ ಪಡೆದವನು. ಊಟ ಬಾಯಿಗೆ ಬೀಳುವ ಮೊದಲೇ, ಊಟ ತರುವವರು ಕಂಡರೆ ಸಾಕು, ಅವನ ನಾಯಿಗಳ ಬಾಯಲ್ಲಿ ನೀರೂರುತ್ತಿತ್ತು. ಯಾವುದರ ಹಿಂದೆ ಏನು ಬರುತ್ತದೆ ಎಂಬುದನ್ನು ನಾಯಿ ಲೆಕ್ಕ ಇಟ್ಟುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಕೈಯ ಹಿಂದೆ ಬರುತ್ತಿದ್ದದ್ದು ಕಸಿಯುವುದು ಮತ್ತು ಏಟು. ಕಾಳ್ಯಾ ಆ ಪಾಠ ಸರಿಯಾಗಿಯೇ ಕಲಿತಿತ್ತು. ಗುರ್ ಎನ್ನುವುದು ಸೊಕ್ಕಲ್ಲ, ಮುನ್ಸೂಚನೆ. ಹೊಡೆದು ಅದನ್ನು ನಿಲ್ಲಿಸಿದರೆ ಭಯ ಉಳಿದು ಸೂಚನೆ ಮಾತ್ರ ಹೋಗುತ್ತದೆ; ಆಮೇಲೆ ಹೇಳದೆ ಕೇಳದೆ ಕಚ್ಚುತ್ತದೆ.

ಅತ್ತೆ ಪಾವ್ಲೋವ್‌ನ ಹೆಸರು ಕೇಳಿದವರಲ್ಲ. ತಾಟನ್ನು ಹಿತ್ತಲ ಮೂಲೆಗೆ ಸರಿಸಿದರು, ಮಗುವನ್ನು ಆ ಕಡೆ ಬಿಡಲಿಲ್ಲ. ನಾಯಿ ತಿನ್ನುವಾಗ ಐದಾರು ಹೆಜ್ಜೆ ದೂರ ನಿಂತು ಬೆಲ್ಲ ಹಚ್ಚದ ಒಣ ಕೊಬ್ಬರಿಯ ಚೂರೋ, ಬೇಯಿಸಿದ ತತ್ತಿಯ ತುಣುಕೋ ತಾಟಿನ ಕಡೆ ಎಸೆದು ಸುಮ್ಮನೆ ಹಿಂದಿರುಗುವರು. ಅದು ಮೈ ಬಿಗಿದರೆ ಮರುದಿನ ಒಂದು ಹೆಜ್ಜೆ ಹಿಂದೆ; ಬಾಲ ಸಡಿಲಿದರೆ ಒಂದು ಹೆಜ್ಜೆ ಮುಂದೆ. ತಿಂಗಳಾಗುವಷ್ಟರಲ್ಲಿ ಅತ್ತೆ ಹತ್ತಿರ ಬಂದರೆ ಕಾಳ್ಯಾ ತಾಟು ಬಿಟ್ಟು ತಲೆಯೆತ್ತಿ ನೋಡುತ್ತಿತ್ತು. ಆಮೇಲೆ ನಾನು ‘ಕೂಡು’ ಕಲಿಸಿದೆ: ಕೂತರೆ ಮಾತ್ರ ತಾಟು ಕೆಳಗೆ. ‘ಬಿಡು’ ಕಲಿಸಿದೆ: ಬಿಟ್ಟರೆ ಅದಕ್ಕಿಂತ ರುಚಿಯಾದದ್ದು, ಬಿಟ್ಟದ್ದೂ ವಾಪಸ್. ದಿನಕ್ಕೆ ಐದು ನಿಮಿಷ, ಹೆಚ್ಚಿಲ್ಲ. ಬಡಿಗೆ ಅಟ್ಟ ಸೇರಿತು. ಕಾಳ್ಯಾ ಮನೆಯಲ್ಲೇ ಉಳಿಯಿತು. ಆದರೂ ಅದು ಉಣ್ಣುವಾಗ ಮಗ ಹತ್ತಿರ ಹೋಗಬಾರದೆಂಬ ನಿಯಮವನ್ನು ನಾವು ಕೊನೆಯವರೆಗೂ ಸಡಿಲಿಸಲಿಲ್ಲ.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಒಮ್ಮೆ ಅತ್ತೆಯನ್ನು ಕೇಳಿದೆ. ಅವರು ತಮ್ಮ ಕಥೆ ಹೇಳಿದರು. ಹದಿಮೂರಕ್ಕೆ ಮದುವೆಯಾಗಿ ಬಂದ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಇವರ ಸರದಿ. ಒಮ್ಮೆ ತುತ್ತು ಎತ್ತುವಷ್ಟರಲ್ಲಿ ಯಾರೋ ಬಂದರೆಂದು ತಾಟಿನೊಳಗಿನ ರೊಟ್ಟಿಯನ್ನೇ ಎತ್ತಿಕೊಂಡು ಹೋದರಂತೆ. “ನಾ ಗುರ್ ಅನ್ನಲಿಲ್ಲವ್ವಾ, ಅಷ್ಟ” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿದ್ದರೂ ಆವತ್ತೇ ಗಮನಿಸಿದ್ದು: ಅತ್ತೆ ಉಣ್ಣುವಾಗ ಗೋಡೆಯ ಕಡೆ ಮುಖ ಮಾಡಿ, ಎಡಗೈಯನ್ನು ತಾಟಿಗೆ ಅಡ್ಡ ಇಟ್ಟುಕೊಂಡಿರುತ್ತಾರೆ. ಅಂದಿನಿಂದ ನಾವಿಬ್ಬರೂ ಜೊತೆಗೇ ಉಣ್ಣುತ್ತೇವೆ, ಎಲ್ಲರೊಂದಿಗೆ. ಅವರ ತಾಟಿಗೆ ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಬಿಸಿ ರೊಟ್ಟಿ ಹಾಕುತ್ತೇನೆ. ಎಡಗೈ ಇನ್ನೂ ಪೂರ್ತಿ ಸರಿದಿಲ್ಲ. ದಿನಕ್ಕೆ ಒಂದು ಹೆಜ್ಜೆ.