ಹಿತ್ತಲಿನ ಮರದ ಬೇಲಿ ತೆಗೆಸ್ತೀರಾ? ಗುತ್ತಿಗೆ ಕೊಡೋ ಮೊದಲು ಇಷ್ಟು ಗೊತ್ತಿರಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳೇ ಮನೆಗಳ ಹಿತ್ತಲಲ್ಲಿ ಈಗಲೂ ಮರದ ಗೂಟದ ಬೇಲಿ ಕಾಣಸಿಗುತ್ತೆ. ಮಳೆಗಾಲ ಮುಗಿದ ಮೇಲೆ ಒಂದೊಂದು ಗೂಟ ಅಲ್ಲಾಡಿಸಿ ನೋಡಿ. ಮೇಲೆ ಗಟ್ಟಿ ಕಂಡರೂ ಮಣ್ಣಿಗೆ ತಾಗೋ ಜಾಗದಲ್ಲಿ ಗೆದ್ದಲು ತಿಂದು ಟೊಳ್ಳಾಗಿರುತ್ತೆ. ಸಾಲಿನಲ್ಲಿ ಅರ್ಧದಷ್ಟು ಗೂಟ ಹಾಗಿದ್ದರೆ ರಿಪೇರಿ ದಂಡ, ಹೊಸದೇ ಹಾಕಿಸಬೇಕು.

ಆದರೆ ಹಳೇ ಗೂಟ ಕೀಳೋಕೆ ಆತುರ ಬೇಡ. ಪಕ್ಕದವರ ಜೊತೆ ಗಡಿ ತಕರಾರು ಶುರುವಾಗೋದೇ ಇಲ್ಲಿ. ಪ್ರತಿ ವರ್ಷ ಗೂಟ ಬದಲಿಸುವಾಗ ಬೇಲಿ ಗೇಣು ಆಚೆ, ಗೇಣು ಈಚೆ ಸರಿದಿರುತ್ತೆ. ಮರದ ಬೇಲಿ ಇರೋವರೆಗೆ ಯಾರೂ ಕೇಳಲ್ಲ, ಕಾಂಕ್ರೀಟ್ ಬಿದ್ದ ದಿನ ಜಗಳ. ಗ್ರಾಮಠಾಣಾ ಜಾಗವಾದರೆ ಇ-ಸ್ವತ್ತಿನ ನಮೂನೆ 9ರಲ್ಲಿರುವ ಅಳತೆ, ಚಕ್ಕುಬಂದಿ ನೋಡಿಕೊಳ್ಳಿ. ಸರ್ವೆ ನಂಬರ್ ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಹಾಕಬಹುದು. ಪಕ್ಕದವರನ್ನ ಕರೆದು, ಅವರ ಎದುರೇ ಹಗ್ಗ ಹಿಡಿದು ಸುಣ್ಣದ ಗೆರೆ ಹಾಕಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಸಾಲಿನಲ್ಲಿ ತೇಗದಂಥ ಮರ ಇದ್ದರೆ ಮೇಸ್ತ್ರಿ ಮಾತು ಕೇಳಿ ಕಡಿಸಬೇಡಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆ ಅನುಮತಿ ಬೇಕಾಗುತ್ತೆ.

ಈಗ ಹೆಚ್ಚಿನವರು ಹಾಕಿಸೋದು ಕಲ್ಲು ಅಥವಾ ಸಿಮೆಂಟ್ ಕಂಬಕ್ಕೆ ಚೈನ್‌ಲಿಂಕ್ ಮೆಶ್. ಮೋಸ ನಡೆಯೋದು ಗೇಜಿನಲ್ಲಿ. ಗೇಜ್ ನಂಬರ್ ಹೆಚ್ಚಾದಷ್ಟೂ ತಂತಿ ಸಣ್ಣ: 10 ಗೇಜ್ ಅಂದರೆ ಸುಮಾರು 3.25 ಮಿ.ಮೀ., 12 ಗೇಜ್ ಅಂದರೆ 2.6 ಮಿ.ಮೀ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ, ದನ ಒರಗಿದಾಗ ಗೊತ್ತಾಗುತ್ತೆ. ಅಡಿ ಲೆಕ್ಕದಲ್ಲಿ ರೇಟ್ ಹೇಳೋರು 10 ಗೇಜ್ ಅಂತ ಹೇಳಿ 12 ತಂದು ಕಟ್ಟಿದರೆ ನಷ್ಟ ನಿಮಗೇ. ಗೇಜ್ ಎಷ್ಟು, ಕಣ್ಣಿನ ಅಳತೆ ಎಷ್ಟು, ಜಿಐ ಹೌದೋ ಅಲ್ಲವೋ ಅಂತ ಬಿಲ್ಲಲ್ಲಿ ಬರೆಸಿ.

ಏಳು ಅಡಿ ಕಂಬವಾದರೆ ಎರಡು ಅಡಿ ಮಣ್ಣೊಳಗೆ ಹೋಗಬೇಕು. ಹತ್ತು ಅಡಿಗೊಂದು ಕಂಬ ಅಂದರೆ 100 ಅಡಿ ಸಾಲಿಗೆ 11 ಕಂಬ, ಜೊತೆಗೆ ಮೂಲೆಗಳಿಗೆ ಒರಗು ಕಂಬ. ಈ ಒರಗು ಕಂಬ ಬಿಟ್ಟೇ ಎಸ್ಟಿಮೇಟ್ ಕೊಡೋರು ಜಾಸ್ತಿ. ಅದಿಲ್ಲದೆ ಮೆಶ್ ಎಳೆದರೆ ಮೂಲೆ ಕಂಬ ಒಳಗೆ ವಾಲುತ್ತೆ. ಕಾಂಕ್ರೀಟ್ ಹಾಕಿ ಒಂದು ವಾರ ನೀರುಣಿಸಿದ ಮೇಲೇ ಮೆಶ್ ಎಳೆಸಬೇಕು. "ನಾಳೆನೇ ಮುಗಿಸ್ತೀನಿ" ಅನ್ನೋ ಗುತ್ತಿಗೆದಾರರು ನಿಮಗೆ ಬೇಡ.

ಕನಿಷ್ಠ ಇಬ್ಬರ ಹತ್ರ ರೇಟ್ ಕೇಳಿ. ರನ್ನಿಂಗ್ ಅಡಿಗೆ ಇಷ್ಟು ಅಂದಾಗ ಅದರಲ್ಲಿ ಹಳೇ ಬೇಲಿ ಕೀಳೋದು, ಗುಂಡಿ, ಜಲ್ಲಿ-ಸಿಮೆಂಟ್, ಸಾಗಣೆ ಸೇರಿದೆಯಾ ಅಂತ ಬಿಡಿಸಿ ಕೇಳಬೇಕು. ಗುಂಡಿಯಲ್ಲಿ ಜಂಬಿಟ್ಟಿಗೆ ಸಿಕ್ಕರೆ ಎಕ್ಸ್‌ಟ್ರಾ ಕೇಳ್ತಾರೆ, ಅದನ್ನೂ ಮೊದಲೇ ಮಾತಾಡಿಕೊಳ್ಳಿ. ಹಣ ಮೂರು ಕಂತಲ್ಲಿ ಕೊಡೋದು ಒಳ್ಳೆಯದು: ಸಾಮಾನು ಬಂದಾಗ, ಕಂಬ ನಿಂತಾಗ, ಮೆಶ್ ಬಿಗಿದ ಮೇಲೆ. ಅವರು ಈಚೆಗೆ ಹಾಕಿದ ಬೇಲಿಗಿಂತ ಎರಡು ಮಳೆಗಾಲ ಕಂಡ ಬೇಲಿ ನೋಡಿ ಬನ್ನಿ.

ಕೀಳಿಸಿದ ಗೂಟದ ಮೇಲ್ಭಾಗ ಎಷ್ಟೋ ಸಲ ಗಟ್ಟಿಯಿರುತ್ತೆ. ಒಳ್ಳೆ ಜಾತಿ ಮರವಾದರೆ "ಸೌದೆಗೆ ತಗೊಂಡು ಹೋಗ್ತೀವಿ" ಅಂತ ಕೇಳಿದಾಗ ಸುಮ್ಮನೆ ಹೂಂ ಅನ್ನಬೇಡಿ. ಇನ್ನು ದಣಪೆ ಇದ್ದ ಜಾಗಕ್ಕೆ ಗೇಟ್ ಇಡಿಸುವಾಗ ಅಗಲ ಮೊದಲೇ ಹೇಳಿ. ಗೊಬ್ಬರದ ಗಾಡಿ ಒಳಗೆ ಬರಬೇಕಾದರೆ ಮೂರಡಿ ಗೇಟ್ ಸಾಲಲ್ಲ.