ಪತ್ತೇದಾರನಾದ ಪಾದ್ರಿ

ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯಗಳಿರುವುದು ವಿದಿತವಷ್ಟೆ. ಕಳ್ಳನನ್ನು ಹಿಡಿದು, ಸಾಕ್ಷಿಗಳನ್ನು ವಿಚಾರಿಸಿ, ರಾಜನು ದಂಡಿಸತಕ್ಕ ಕ್ರಮವು ವ್ಯವಹಾರಾಧ್ಯಾಯಕ್ಕೆ ಸೇರಿದುದು. ಅದೇ ಕಳ್ಳನು ತನ್ನ ಪಾಪವನ್ನು ತಾನೇ ಒಪ್ಪಿಕೊಂಡು ಶುದ್ಧನಾಗತಕ್ಕ ಕ್ರಮವು ಪ್ರಾಯಶ್ಚಿತ್ತಾಧ್ಯಾಯಕ್ಕೆ ಸೇರಿದುದು. ಕೃತ್ಯವು ಒಂದೇ; ಅದನ್ನು ನೋಡುವ ದೃಷ್ಟಿಗಳು ಎರಡು. ಪಾಶ್ಚಾತ್ಯ ದೇಶಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿ ಲೋಕವನ್ನೆಲ್ಲ ವ್ಯಾಪಿಸಿದ ಪತ್ತೇದಾರಿ ಕಥೆಯು ಬಹುಕಾಲ ಮೊದಲನೆಯ ದೃಷ್ಟಿಯೊಂದನ್ನೇ ಹಿಡಿದು ನಡೆಯಿತು. ಅದಕ್ಕೆ ಎರಡನೆಯದನ್ನು ಕೂಡಿಸಿದವನು ಆಂಗ್ಲ ಲೇಖಕನಾದ ಗಿಲ್ಬರ್ಟ್ ಕೀತ್ ಚೆಸ್ಟರ್ಟನ್ನನು (1874-1936). ಆತನು ಸೃಷ್ಟಿಸಿದ ಫಾದರ್ ಬ್ರೌನ್ ಎಂಬ ಕ್ಯಾಥೊಲಿಕ್ ಪಾದ್ರಿಯ ಚರಿತ್ರೆಯು ವಿನೋದಕ್ಕೆ ಹೇಗೋ ವಿಚಾರಕ್ಕೂ ಹಾಗೆಯೇ ಯೋಗ್ಯವಾಗಿದೆ.

ಈ ಪಾತ್ರವು ಹುಟ್ಟುವ ಮುನ್ನ ಆಂಗ್ಲ ಕಥಾಲೋಕದ ಸ್ಥಿತಿಯು ಹೇಗಿದ್ದಿತೆಂಬುದನ್ನು ಸ್ವಲ್ಪ ನೋಡಬೇಕು. 1841ರಲ್ಲಿ ಅಮೆರಿಕದ ಎಡ್ಗರ್ ಆಲನ್ ಪೋ ಎಂಬಾತನು ಬುದ್ಧಿಬಲದಿಂದ ಕೊಲೆಯ ರಹಸ್ಯವನ್ನು ಬಿಡಿಸುವ ಕಥೆಗೆ ಮೇಲ್ಪಂಕ್ತಿಯನ್ನು ಹಾಕಿದನು. 1868ರಲ್ಲಿ ಪ್ರಕಟವಾದ ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್' ಕಾದಂಬರಿಯು ನಮ್ಮ ಶ್ರೀರಂಗಪಟ್ಟಣದಲ್ಲಿಯೇ ಆರಂಭವಾಗುತ್ತದೆ. 1799ರ ಮುತ್ತಿಗೆಯಲ್ಲಿ ಲೂಟಿಯಾದ ವಜ್ರವೊಂದು ಅದರ ವಸ್ತು. 1887ರಲ್ಲಿ ಕೊನನ್ ಡಾಯಲನ ಷೆರ್ಲಾಕ್ ಹೋಮ್ಸನು ಅವತರಿಸಿದ ಮೇಲೆ ಪತ್ತೇದಾರನೆಂದರೆ ಬೂದಿ, ಮಣ್ಣು, ಹೆಜ್ಜೆಗುರುತುಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸುವ ಪಂಡಿತನೆಂಬ ಭಾವನೆ ಬೇರೂರಿತು.

ಅದೇ ಆಂಗ್ಲ ಸಾಹಿತ್ಯದಲ್ಲಿ ಕ್ಯಾಥೊಲಿಕ್ ಪಾದ್ರಿಗೆ ದೊರೆತಿದ್ದ ಸ್ಥಾನವಾದರೂ ಗೌರವದ್ದಾಗಿರಲಿಲ್ಲ. 1534ರಲ್ಲಿ ಎಂಟನೆಯ ಹೆನ್ರಿಯು ರೋಮಿನ ಅಧಿಕಾರವನ್ನು ತಳ್ಳಿಹಾಕಿದಂದಿನಿಂದ ಆ ಮತದವರು ಇಂಗ್ಲೆಂಡಿನಲ್ಲಿ ಶಂಕೆಗೆ ಪಾತ್ರರಾಗಿದ್ದರು. ಅವರು ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳಲು ಅವಕಾಶವಾದುದು 1829ರ ಶಾಸನದಿಂದ; ಅವರ ಬಿಷಪ್ಪುಗಳ ಪೀಠಗಳು ಪುನಃ ಸ್ಥಾಪಿತವಾದುದು 1850ರಲ್ಲಿ. 1796ರ 'ದಿ ಮಂಕ್' ಎಂಬ ಭೀಷಣ ಕಾದಂಬರಿಯೇ ಮೊದಲಾದ ಕೃತಿಗಳಲ್ಲಿ ಸಂನ್ಯಾಸಿಯು ಕಪಟಿ, ಕಾಮುಕ, ಘಾತುಕ. ಇಂತಹ ಖಳಪಾತ್ರವೇ ಸತ್ಯಶೋಧಕನ ಪಾತ್ರವಾಗಿ ಮಾರ್ಪಟ್ಟುದು ಹೇಗೆಂಬುದು ಇಲ್ಲಿನ ಪ್ರಶ್ನೆ.

ಅದರ ಉತ್ತರವು ಯಾರ್ಕ್‌ಷೈರ್ ಪ್ರಾಂತದ ಒಂದು ಕಾಲ್ನಡಗೆಯಲ್ಲಿದೆ. 1904ರ ಸುಮಾರಿಗೆ ಚೆಸ್ಟರ್ಟನ್ನನು ಕೀಲಿ ಎಂಬ ಊರಿಗೆ ಉಪನ್ಯಾಸಕ್ಕಾಗಿ ಹೋಗಿದ್ದಾಗ ಜಾನ್ ಓಕಾನರ್ ಎಂಬ ಐರಿಷ್ ಪಾದ್ರಿಯ ಪರಿಚಯವಾಯಿತು. ಇಬ್ಬರೂ ಬಯಲುಗುಡ್ಡಗಳನ್ನು ದಾಟಿ ಇಲ್ಕ್‌ಲಿಯ ಕಡೆಗೆ ನಡೆದರು. ದುರಾಚಾರಗಳಿಗೆ ಸಂಬಂಧಿಸಿದ ಒಂದು ಸಾಮಾಜಿಕ ವಿಷಯದಲ್ಲಿ ತಾನು ಬರೆಯಬೇಕೆಂದಿದ್ದ ಅಭಿಪ್ರಾಯವನ್ನು ಲೇಖಕನು ಮಾರ್ಗದಲ್ಲಿ ಹೇಳಿದನು. ಆ ಅಭಿಪ್ರಾಯವು ಅಜ್ಞಾನದಿಂದ ಕೂಡಿದೆಯೆಂದು ಪಾದ್ರಿಯು ತನಗೆ ತಿಳಿದ ಸಂಗತಿಗಳನ್ನು ವಿವರಿಸಿದನು. ಮನುಷ್ಯಸ್ವಭಾವದ ಅಧೋಲೋಕವನ್ನು ಕುರಿತು ಆ ಶಾಂತ ಸ್ವಭಾವದ ಬ್ರಹ್ಮಚಾರಿಗೆ ಅಷ್ಟು ತಿಳಿದಿರುವುದನ್ನು ಕಂಡು ಪತ್ರಿಕಾವ್ಯವಸಾಯಿಯಾದ ಚೆಸ್ಟರ್ಟನ್ನನೇ ಬೆಚ್ಚಿದನು.

ಅನಂತರ ಅವರು ತಂಗಿದ್ದ ಮನೆಯಲ್ಲಿ ಕೇಂಬ್ರಿಜ್ ವಿದ್ಯಾಪೀಠದ ಇಬ್ಬರು ತರುಣರು ಪಾದ್ರಿಯೊಡನೆ ಸಂಗೀತ, ಶಿಲ್ಪ ಮೊದಲಾದ ವಿಷಯಗಳನ್ನು ಮಾತನಾಡಿದರು. ಪಾದ್ರಿಯು ಹೊರಗೆ ಹೋದೊಡನೆ ಅವರಲ್ಲೊಬ್ಬನು ಆತನ ಪಾಂಡಿತ್ಯವನ್ನು ಕೊಂಡಾಡಿ, ಆದರೂ ಗೋಡೆಗಳ ನಡುವೆ ಬಾಳುವ ಇಂತಹವರಿಗೆ ಲೋಕದಲ್ಲಿರುವ ನಿಜವಾದ ಕೇಡಿನ ಅರಿವಿರುವುದಿಲ್ಲವಲ್ಲಾ ಎಂದು ಮರುಕಪಟ್ಟನು. ಪಾದ್ರಿಯ ಮುಂದೆ ಆ ತರುಣರು ಹಸುಳೆಗಳೆಂಬುದನ್ನು ಅರಿತಿದ್ದ ಚೆಸ್ಟರ್ಟನ್ನನಿಗೆ ನಗುವನ್ನು ತಡೆಯುವುದೇ ಕಷ್ಟವಾಯಿತು. ಏನೂ ತಿಳಿಯದವನಂತೆ ತೋರುತ್ತಾ ಅಪರಾಧಿಗಳಿಗಿಂತಲೂ ಹೆಚ್ಚಾಗಿ ಅಪರಾಧವನ್ನು ಬಲ್ಲ ಪಾದ್ರಿಯೊಬ್ಬನ ಕಲ್ಪನೆಯು ಆಗಲೇ ಮೂಡಿತೆಂದು ಆತನು 1936ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಓಕಾನರನ ಬುದ್ಧಿಯನ್ನು ಮಾತ್ರ ತೆಗೆದುಕೊಂಡು ರೂಪವನ್ನು ಬದಲಾಯಿಸಿದನು. ಅಚ್ಚುಕಟ್ಟಾದ ಐರಿಷ್ ಗೃಹಸ್ಥನ ಬದಲು ಕಡುಬಿನಂತೆ ದುಂಡು ಮೋರೆಯ, ಕೈಯಲ್ಲಿ ಕೊಡೆಯನ್ನೂ ಕಾಗದದ ಪೊಟ್ಟಣಗಳನ್ನೂ ಹಿಡಿದು ತೊಡರುವ, ಎಸೆಕ್ಸ್ ಪ್ರಾಂತದ ಗಿಡ್ಡ ಪಾದ್ರಿಯು ಸಿದ್ಧನಾದನು.

ಪಾದ್ರಿಗೆ ಈ ಅರಿವು ಬಂದುದು ಎಲ್ಲಿಂದ? ಪಾಪನಿವೇದನೆಯಿಂದ. ಕ್ರಿ. ಶ. 1215ರಲ್ಲಿ ರೋಮ್ ನಗರದ ಲ್ಯಾಟರನ್ ಅರಮನೆಯಲ್ಲಿ ನೆರೆದ ನಾಲ್ಕನೆಯ ಧರ್ಮಸಭೆಯು ಪ್ರಾಪ್ತವಯಸ್ಕನಾದ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ತನ್ನ ಪಾಪಗಳನ್ನು ಗುರುವಿನಲ್ಲಿ ನಿವೇದಿಸತಕ್ಕುದೆಂದು ವಿಧಿಸಿತು. ಕೇಳಿದುದನ್ನು ಹೊರಗೆಡಹಿದ ಗುರುವನ್ನು ಪದಚ್ಯುತಗೊಳಿಸಿ ಆಜೀವ ಪ್ರಾಯಶ್ಚಿತ್ತಕ್ಕಾಗಿ ಕಠಿಣವಾದ ಮಠದಲ್ಲಿ ಇರಿಸತಕ್ಕುದೆಂದೂ ನಿಯಮಿಸಿತು. ಅದೇ ಸಭೆಯು ಇನ್ನೊಂದು ವಿಧಿಯಿಂದ, ಧರ್ಮಗುರುಗಳು ಮರಣದಂಡನೆಯ ತೀರ್ಪಿನಲ್ಲಿ ಭಾಗಿಗಳಾಗಬಾರದೆಂದೂ, ಕಾದ ಕಬ್ಬಿಣ ಮತ್ತು ನೀರಿನಿಂದ ನಡೆಯುತ್ತಿದ್ದ ದಿವ್ಯಪರೀಕ್ಷೆಗಳಿಗೆ ಆಶೀರ್ವಾದ ಮಾಡಬಾರದೆಂದೂ ನಿಷೇಧಿಸಿತು. ಒಂದು ಕಡೆ ಗುರುವನ್ನು ದಂಡದಿಂದ ದೂರಮಾಡಿ, ಇನ್ನೊಂದು ಕಡೆ ಪ್ರಾಯಶ್ಚಿತ್ತಕ್ಕೆ ಬಿಗಿಯಾಗಿ ಕಟ್ಟಿದಂತಾಯಿತು. ಹೀಗೆ ಶತಮಾನಗಳ ಕಾಲ ಜನರ ಗುಟ್ಟುಗಳನ್ನು ಕೇಳುತ್ತಾ ಅವನ್ನು ಎಲ್ಲಿಯೂ ಹೇಳದೆ ಕುಳಿತ ಗುರುಪರಂಪರೆಯ ಜ್ಞಾನವೇ ಫಾದರ್ ಬ್ರೌನನ ಭೂತಗನ್ನಡಿ.

ಮೊದಲ ಕಥೆಯಾದ 'ದಿ ಬ್ಲೂ ಕ್ರಾಸ್' 1910ರ ಜುಲೈ ತಿಂಗಳಲ್ಲಿ ಬೇರೊಂದು ಹೆಸರಿನಿಂದ ಅಮೆರಿಕದ 'ಸ್ಯಾಟರ್ಡೇ ಈವನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಅಚ್ಚಾಯಿತು. ಲಂಡನ್ನಿನಲ್ಲಿ ನಡೆಯುವ ಕ್ಯಾಥೊಲಿಕ್ಕರ ಪ್ರಸಾದ ಮಹಾಸಮ್ಮೇಳನವೊಂದು ಅದರ ಹಿನ್ನೆಲೆ. ಅಂತಹ ಸಮ್ಮೇಳನವು 1908ರ ಸೆಪ್ಟೆಂಬರಿನಲ್ಲಿ ನಿಜವಾಗಿಯೇ ಅಲ್ಲಿ ನಡೆದಿದ್ದಿತು. ಪ್ರಸಾದವನ್ನು ಬೀದಿಯಲ್ಲಿ ಮೆರವಣಿಗೆ ಮಾಡಕೂಡದೆಂದು ಪ್ರಧಾನಮಂತ್ರಿ ಆಸ್ಕ್ವಿತನ ಸರಕಾರವು ತಡೆದುದರಿಂದ ದೊಡ್ಡ ಗದ್ದಲವೂ ಆಗಿದ್ದಿತು. ಕಥೆಯಲ್ಲಿ ನೀಲಮಣಿಗಳ ಶಿಲುಬೆಯೊಂದನ್ನು ಒಯ್ಯುತ್ತಿರುವ ಗಿಡ್ಡ ಪಾದ್ರಿಯ ಜೊತೆಗೆ ಫ್ಲಾಂಬೋ ಎಂಬ ಪ್ರಖ್ಯಾತ ಕಳ್ಳನು ತಾನೂ ಪಾದ್ರಿಯ ವೇಷದಲ್ಲಿ ಸೇರಿಕೊಳ್ಳುತ್ತಾನೆ. ಕೌಟಿಲ್ಯನು ತಾಪಸವೇಷದ ಗೂಢಪುರುಷರನ್ನು ಅರ್ಥಶಾಸ್ತ್ರದಲ್ಲಿ ಹೇಳಿದ್ದಾನೆ. ಇಲ್ಲಿ ಗೂಢಪುರುಷನ ಕೆಲಸವನ್ನು ಮಾಡುವವನು ನಿಜವಾದ ತಾಪಸನು, ವೇಷಧಾರಿಯು ಕಳ್ಳನು. ವೇಷವು ಬಯಲಾದ ಬಗೆಯು ಮನೋಹರವಾಗಿದೆ. ಭಕ್ತಿಯ ಸೋಗಿನಲ್ಲಿ ಕಳ್ಳನು ಮಾನವನ ತರ್ಕಬುದ್ಧಿಯನ್ನು ಹೀನೈಸಿ ಮಾತನಾಡಿದನು. ತರ್ಕವನ್ನು ಹಳಿಯುವವನು ಶಾಸ್ತ್ರವನ್ನು ಓದಿದ ಪಾದ್ರಿಯಾಗಿರಲಾರನೆಂದು ಬ್ರೌನನು ನಿಶ್ಚಯಿಸಿದನು. ಶ್ರದ್ಧೆಯ ಪಕ್ಷಪಾತಿಯಾದ ಲೇಖಕನು ಮೊದಲ ಕಥೆಯಲ್ಲಿಯೇ ಯುಕ್ತಿಯ ಪಕ್ಷವನ್ನು ವಹಿಸಿದುದು ಗಮನಾರ್ಹವಾಗಿದೆ.

1911, 1914, 1926, 1927 ಮತ್ತು 1935ನೆಯ ಇಸವಿಗಳಲ್ಲಿ ಐದು ಸಂಪುಟಗಳು ಹೊರಬಂದುವು. ಬಿಡಿಯಾಗಿ ಉಳಿದವುಗಳೂ ಸೇರಿ ಐವತ್ತಕ್ಕೆ ಮೇಲ್ಪಟ್ಟ ಕಥೆಗಳಾಗುತ್ತವೆ. ಮೊದಲೆರಡು ಸಂಪುಟಗಳನ್ನು ಬರೆದಾಗ ಚೆಸ್ಟರ್ಟನ್ನನು ಇನ್ನೂ ಕ್ಯಾಥೊಲಿಕ್ ಮತವನ್ನು ಸೇರಿರಲಿಲ್ಲ. 1922ರ ಜುಲೈ 30ರಂದು, ಆತನ ವಾಸಸ್ಥಳವಾದ ಬೀಕನ್ಸ್‌ಫೀಲ್ಡಿನಲ್ಲಿ ಆ ಮತದವರಿಗೆ ಇಗರ್ಜಿಯೇ ಇಲ್ಲದಿದ್ದುದರಿಂದ, ರೈಲ್ವೆ ಹೋಟೆಲಿನ ತಗಡಿನ ಸೂರಿನ ಕೊಠಡಿಯೊಂದರಲ್ಲಿ ಆತನನ್ನು ಮತಕ್ಕೆ ಸೇರಿಸಿಕೊಂಡವರಲ್ಲಿ ಹಳೆಯ ಮಿತ್ರನಾದ ಓಕಾನರನೇ ಪ್ರಮುಖನು. ಕಥೆಯ ಗುರುವಿಗೆ ಮೂಲನಾದವನು ಕಥೆಗಾರನಿಗೂ ಗುರುವಾದನು.

ಈ ಕಥೆಗಳಲ್ಲಿ ಬ್ರೌನನು ರಹಸ್ಯವನ್ನು ಭೇದಿಸುವ ಕ್ರಮವನ್ನು ತಾನೇ 1927ರ ಸಂಪುಟದಲ್ಲಿ ಹೇಳುತ್ತಾನೆ. ಅಪರಾಧಿಯನ್ನು ವಿಚಿತ್ರ ಪ್ರಾಣಿಯಂತೆ ದೂರದಿಂದ ಪರೀಕ್ಷಿಸುವುದು ಅವನ ರೀತಿಯಲ್ಲ. ಆ ಕೃತ್ಯವನ್ನು ತಾನೇ ಮಾಡುವ ಮನಃಸ್ಥಿತಿಗೆ ಬರುವವರೆಗೂ ಅಪರಾಧಿಯ ಅಂತರಂಗದೊಳಕ್ಕೆ ಇಳಿಯುತ್ತಾನೆ. ಕೈಯೊಂದು ಮಾತ್ರ ಕೃತ್ಯಕ್ಕೆ ಏಳುವುದಿಲ್ಲ. ತನ್ನಲ್ಲಿಯೂ ಅದೇ ಬೀಜವಿದೆಯೆಂದು ಅರಿಯದವನು ಸಜ್ಜನನಾಗಲಾರನೆಂಬುದು ಅವನ ಮತ.

ಆದುದರಿಂದಲೇ ಇಲ್ಲಿ ಅಪರಾಧಿಯು ಸಿಕ್ಕಿದೊಡನೆ ಕಥೆಯು ಮುಗಿಯುವುದಿಲ್ಲ. 'ದಿ ಕ್ವಿಯರ್ ಫೀಟ್' ಕಥೆಯಲ್ಲಿ ಶ್ರೀಮಂತರ ಭೋಜನಕೂಟದಿಂದ ಫ್ಲಾಂಬೋ ಕದ್ದ ಬೆಳ್ಳಿಯ ಸಾಮಾನುಗಳು ಪಾದ್ರಿಯ ಮುಖಾಂತರ ಹಿಂತಿರುಗುತ್ತವೆ. 'ದಿ ಫ್ಲೈಯಿಂಗ್ ಸ್ಟಾರ್ಸ್' ಕಥೆಯಲ್ಲಿ ಕದ್ದ ವಜ್ರಗಳೊಡನೆ ಮರವನ್ನೇರಿದ ಅವನಿಗೆ ಪಾದ್ರಿಯು ಕೆಳಗಿನಿಂದಲೇ ಬುದ್ಧಿ ಹೇಳುತ್ತಾನೆ. ವಜ್ರಗಳು ಹುಲ್ಲಿನ ಮೇಲೆ ಬೀಳುತ್ತವೆ. ಅದೇ ಅವನ ಕೊನೆಯ ಕಳ್ಳತನ. ಮುಂದೆ ಅವನೇ ಪತ್ತೇದಾರನಾಗಿ ಬ್ರೌನನ ಸ್ನೇಹಿತನಾಗುತ್ತಾನೆ. 'ದಿ ಹ್ಯಾಮರ್ ಆಫ್ ಗಾಡ್' ಎಂಬುದರಲ್ಲಿ ದುರಾಚಾರಿಯಾದ ಅಣ್ಣನ ತಲೆಯ ಮೇಲೆ ಇಗರ್ಜಿಯ ಎತ್ತರದಿಂದ ಸುತ್ತಿಗೆಯನ್ನು ಕೆಡವಿ ಕೊಂದವನು ಆಂಗ್ಲಿಕನ್ ಪಾದ್ರಿಯಾದ ತಮ್ಮನು. ಬ್ರೌನನು ಸತ್ಯವನ್ನು ಅವನ ಮುಂದಿಟ್ಟು, ಮುಂದಿನ ಹೆಜ್ಜೆಯನ್ನು ಅವನಿಗೇ ಬಿಡುತ್ತಾನೆ. ಅವನು ಇಳಿದು ಬಂದು ಪೋಲೀಸರಿಗೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ.

ಎಲ್ಲಕ್ಕಿಂತ ತೀಕ್ಷ್ಣವಾದುದು 'ದಿ ಚೀಫ್ ಮೋರ್ನರ್ ಆಫ್ ಮಾರ್ನ್'. ದ್ವಂದ್ವಯುದ್ಧದಲ್ಲಿ ಬಂಧುವನ್ನು ಕೊಂದ ದುಃಖದಿಂದ ಒಬ್ಬನು ಏಕಾಂತವಾಸದಲ್ಲಿದ್ದಾನೆಂದೂ, ಪಾದ್ರಿಗಳು ಅವನನ್ನು ಕ್ಷಮಿಸದೆ ಹಿಂಸಿಸುತ್ತಿದ್ದಾರೆಂದೂ ಅವನ ಹಳೆಯ ಗೆಳೆಯರು ಕೋಪಗೊಳ್ಳುತ್ತಾರೆ. ಅವನು ಮಾಡಿದುದು ಧರ್ಮಯುದ್ಧವಲ್ಲ, ಸತ್ತಂತೆ ನಟಿಸಿ ಹತ್ತಿರಕ್ಕೆ ಓಡಿಬಂದವನನ್ನು ಹೇಡಿತನದಿಂದ ಕೊಂದುದು ಎಂದು ತಿಳಿದೊಡನೆ ಆ ಗೆಳೆಯರ ಕ್ಷಮೆಯು ಮಾಯವಾಗುತ್ತದೆ. ತಮಗೆ ಪಾಪವೆಂದು ತೋರದುದನ್ನು ಮಾತ್ರ ಲೋಕವು ಕ್ಷಮಿಸುತ್ತದೆ. ನಿಜವಾದ ಪಾಪಿಯ ಬಳಿಯಲ್ಲಿ ನಿಲ್ಲುವವನು ಪಾದ್ರಿಯೊಬ್ಬನೇ ಎಂಬುದು ಕಥೆಯ ಹೃದಯ.

ಗುಣಗಳನ್ನು ಹೇಳಿ ದೋಷಗಳನ್ನು ಮುಚ್ಚುವುದು ಚರಿತ್ರೆಯಾಗಲಾರದು. 1909ರ ಸೆಪ್ಟೆಂಬರ್ 18ರ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯಲ್ಲಿ ಚೆಸ್ಟರ್ಟನ್ನನು, ಭಾರತೀಯ ರಾಷ್ಟ್ರೀಯವಾದಿಗಳು ಬೇಡುತ್ತಿರುವುದು ಭಾರತೀಯವಾಗಿಲ್ಲವೆಂದು ಬರೆದ ಲೇಖನವನ್ನು ಆಗ ಲಂಡನ್ನಿನಲ್ಲಿದ್ದ ಗಾಂಧೀಜಿಯವರು ಓದಿ ಮೆಚ್ಚಿ, ತಮ್ಮ 'ಇಂಡಿಯನ್ ಒಪೀನಿಯನ್' ಪತ್ರಿಕೆಯ ವಾಚಕರಿಗೆ ಪರಿಚಯಮಾಡಿಕೊಟ್ಟರು; ಅದೇ ನವೆಂಬರಿನಲ್ಲಿ ಹಡಗಿನಲ್ಲಿ 'ಹಿಂದ್ ಸ್ವರಾಜ್' ರಚಿತವಾಯಿತು. ಹೀಗೆ ಭಾರತವು ಭಾರತವಾಗಿಯೇ ಇರಬೇಕೆಂದ ಲೇಖನಿಯೇ 1911ರ ಸಂಪುಟದಲ್ಲಿರುವ 'ದಿ ರಾಂಗ್ ಷೇಪ್' ಕಥೆಯಲ್ಲಿ ಭಾರತೀಯ ಯೋಗಿಯೊಬ್ಬನನ್ನು ಭಯಂಕರ ಮಾಯಾವಿಯಂತೆ ಚಿತ್ರಿಸಿದೆ. ಕೊಲೆಗಾರನು ಆ ಯೋಗಿಯಲ್ಲ, ಆಂಗ್ಲ ವೈದ್ಯನು. ಆದರೂ ಪೂರ್ವದೇಶದ ಕಲೆಯಲ್ಲಿಯೇ ದುಷ್ಟತನವಿದೆಯೆಂಬಂತೆ ಬ್ರೌನನು ಆಡುವ ಮಾತು ನಿಲ್ಲುತ್ತದೆ. ನೀಗ್ರೋ ಜನರನ್ನೂ ಯೆಹೂದ್ಯರನ್ನೂ ಕುರಿತ ಕೆಲವು ಚಿತ್ರಗಳು ಇನ್ನೂ ಹೇಯವಾಗಿವೆ. ಪ್ರತಿಯೊಬ್ಬ ಪಾಪಿಯ ಎದೆಯೊಳಗೂ ಇಳಿಯಬಲ್ಲ ಪಾದ್ರಿಯು ಈ ಜನರ ಹೊಸ್ತಿಲಿನಲ್ಲಿಯೇ ನಿಂತುಬಿಟ್ಟನು.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗುರುತರವಾದುದು. ಅಪರಾಧಿಯನ್ನು ಬಲ್ಲವನು ಅವನನ್ನು ಅಧಿಕಾರಿಗಳಿಗೆ ಒಪ್ಪಿಸದಿರುವುದು ನ್ಯಾಯವೆ? ಕ್ಯಾಥೊಲಿಕ್ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ಪಾದ್ರಿಗಳೇ ನಡೆಸಿದ ಅತ್ಯಾಚಾರಗಳೂ, ಅವನ್ನು ಮುಚ್ಚಿಟ್ಟ ರೀತಿಯೂ ಹಲವು ದೇಶಗಳಲ್ಲಿ ಬಯಲಾದ ಮೇಲೆ ಈ ಪ್ರಶ್ನೆಯು ಕಥೆಯ ಪ್ರಶ್ನೆಯಾಗಿ ಉಳಿದಿಲ್ಲ. ಆಸ್ಟ್ರೇಲಿಯಾದ ರಾಯಲ್ ಕಮಿಷನ್ನು 2017ರಲ್ಲಿ, ಇಂತಹ ಕೃತ್ಯಗಳು ಪಾಪನಿವೇದನೆಯಲ್ಲಿ ತಿಳಿದರೂ ವರದಿಮಾಡತಕ್ಕುದೆಂದು ಸಲಹೆ ಮಾಡಿತು. ಅಲ್ಲಿನ ಕೆಲವು ಪ್ರಾಂತಗಳು ಹಾಗೆಯೇ ಶಾಸನವನ್ನೂ ಮಾಡಿದುವು. ಈ ವಿವಾದವನ್ನು ಬ್ರೌನನ ಕಥೆಗಳು ತೀರ್ಮಾನಿಸಲಾರವು. ಆದರೆ ಅವುಗಳಲ್ಲಿ ಒಂದು ಭೇದವು ಸ್ಪಷ್ಟವಾಗಿದೆ. ಕ್ಷಮೆಯು ಬೇರೆ, ಮರೆಮಾಚುವಿಕೆಯು ಬೇರೆ. ಬೆಳ್ಳಿಯು ಒಡೆಯರಿಗೆ ಸೇರಿತು, ವಜ್ರಗಳು ಹಿಂದಿರುಗಿದುವು, ಕೊಲೆಗಾರನು ತಾನಾಗಿ ಠಾಣೆಗೆ ನಡೆದನು. ಸಂಸ್ಥೆಯ ಮಾನವನ್ನು ಕಾಪಾಡಲು ಪೀಡಿತರ ಬಾಯನ್ನು ಕಟ್ಟುವುದಕ್ಕೆ ಅಲ್ಲಿ ಆಧಾರವಿಲ್ಲ. ನಮ್ಮ ಸ್ಮೃತಿಕಾರರೂ ದಂಡವನ್ನು ಬಿಟ್ಟು ಪ್ರಾಯಶ್ಚಿತ್ತವನ್ನಾಗಲಿ, ಪ್ರಾಯಶ್ಚಿತ್ತವನ್ನು ಬಿಟ್ಟು ದಂಡವನ್ನಾಗಲಿ ಹೇಳಲಿಲ್ಲ, ಎರಡಕ್ಕೂ ಅಧ್ಯಾಯಗಳನ್ನಿಟ್ಟರು.

ಬ್ರೌನನ ಸಂತತಿಯು ದೊಡ್ಡದು. 1930ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಪತ್ತೇದಾರಿ ಲೇಖಕರ ಕೂಟಕ್ಕೆ ಚೆಸ್ಟರ್ಟನ್ನನೇ ಮೊದಲ ಅಧ್ಯಕ್ಷನಾದನು. ಆ ಕೂಟದ ಸದಸ್ಯನಾದ ರೊನಾಲ್ಡ್ ನಾಕ್ಸನು ಸ್ವತಃ ಕ್ಯಾಥೊಲಿಕ್ ಪಾದ್ರಿಯಾಗಿದ್ದು ಪತ್ತೇದಾರಿ ಕಾದಂಬರಿಗಳನ್ನು ಬರೆದನು; ವಿನೋದವೇನೆಂದರೆ, ಗೃಹಸ್ಥನಾದ ಚೆಸ್ಟರ್ಟನ್ನನು ಪಾದ್ರಿಯನ್ನು ಪತ್ತೇದಾರನನ್ನಾಗಿಸಿದರೆ ಪಾದ್ರಿಯಾದ ನಾಕ್ಸನು ವಿಮಾ ಕಂಪೆನಿಯ ನೌಕರನನ್ನು ಆರಿಸಿಕೊಂಡನು. ಮುಸೊಲಿನಿಯ ಸೆರೆಯಲ್ಲಿದ್ದ ಸಮತಾವಾದಿ ಗ್ರಾಂಶಿಯು 1930ರ ಪತ್ರವೊಂದರಲ್ಲಿ ಹೋಮ್ಸನಿಗಿಂತ ಬ್ರೌನನನ್ನೇ ಮೇಲೆಂದು ಎಣಿಸಿದನು. ಮುಂದೆ 1977ರಲ್ಲಿ ರಾಲ್ಫ್ ಮೆಕ್‌ಇನರ್ನಿಯು ಫಾದರ್ ಡೌಲಿಂಗನನ್ನೂ, 1979ರಲ್ಲಿ ವಿಲಿಯಂ ಕೀನ್ಜಲನು ಫಾದರ್ ಕೊಸ್ಲರನನ್ನೂ ಅಮೆರಿಕದಲ್ಲಿ ಕಾದಂಬರಿಯ ನಾಯಕರನ್ನಾಗಿ ಮಾಡಿದರು. 1980ರ 'ದಿ ನೇಮ್ ಆಫ್ ದಿ ರೋಸ್' ಕಾದಂಬರಿಯಲ್ಲಿ ಇಟಲಿಯ ಉಂಬೆರ್ತೊ ಎಕೋ ಹದಿನಾಲ್ಕನೆಯ ಶತಮಾನದ ಸಂನ್ಯಾಸಿಯೊಬ್ಬನಿಂದ ಮಠದ ಕೊಲೆಗಳನ್ನು ಶೋಧಿಸಿದನು.

1954ರ ಚಲಚ್ಚಿತ್ರದಲ್ಲಿ ಬ್ರೌನನ ಪಾತ್ರವನ್ನು ವಹಿಸಿದವನು ಅಲೆಕ್ ಗಿನ್ನೆಸ್. ಚಿತ್ರೀಕರಣಕ್ಕಾಗಿ ಫ್ರಾನ್ಸಿನ ಹಳ್ಳಿಯೊಂದರಲ್ಲಿದ್ದಾಗ, ಸಂಜೆಗತ್ತಲಲ್ಲಿ ಪಾದ್ರಿಯ ವೇಷದಲ್ಲಿಯೇ ಬಿಡಾರಕ್ಕೆ ಹಿಂತಿರುಗುತ್ತಿದ್ದ ಅವನನ್ನು ಕಂಡು, ನಿಜವಾದ ಪಾದ್ರಿಯೆಂದೇ ನಂಬಿದ ಅಪರಿಚಿತ ಬಾಲಕನೊಬ್ಬನು ಓಡಿಬಂದು ಕೈಹಿಡಿದು, ಹರಟುತ್ತಾ ಸ್ವಲ್ಪ ದೂರ ನಡೆದು ಹೊರಟುಹೋದನು. ಅನ್ಯಮತೀಯನಾಗಿದ್ದ ಗಿನ್ನೆಸನು ಆ ನಂಬುಗೆಯನ್ನು ಮರೆಯಲಿಲ್ಲ. 1956ರಲ್ಲಿ ಆ ಮತವನ್ನು ಸೇರಿದನು. ಕರಿಯ ನಿಲುವಂಗಿಯನ್ನು ಕಂಡು ಮಗುವೊಂದು ನಿರ್ಭಯವಾಗಿ ಕೈಚಾಚಿದ ಈ ಸಂಗತಿಯನ್ನು, ಆ ನಂಬುಗೆಯನ್ನು ಮುರಿದವರ ವೃತ್ತಾಂತದೊಡನೆ ಇಟ್ಟು ನೋಡಿದರೆ, ಫಾದರ್ ಬ್ರೌನನಂತಹ ಗುರುವಿನ ಮೇಲೆ ಎಷ್ಟು ಭಾರವಿದೆಯೆಂಬುದು ಗೊತ್ತಾಗುವುದು.